ಅಕ್ಕನ ರುಖವತ್ತಿನ ಹಣ್ಣುಗಳು

ಬಾಲ್ಯ ಎಂದ ಕೂಡಲೇ ಕಣ್ಣು ತುಂಬಿಕೊಂಡು ಕೂಡುವವರನ್ನು ಕಂಡರೆ ನನಗೆ ಆಗಿಬರುವುದಿಲ್ಲ. ನನ್ನ ವಾರಿಗೆಯವರು ಎಲ್ಲಿ ಕೂಡಿದರೂ ಶುರು ಮಾಡುತ್ತಾರೆ, ಆಗಿನ ದಿನಗಳೇ ಬೇರೆ ಇದ್ದವು ಅಂತ. ಬೇರೆ ಇದ್ದವು, ಯಾರು ಇಲ್ಲ ಅಂದರು? ನಮ್ಮ ಗೋಕಾಕದ ಓಣಿಯಲ್ಲಿ ಸಂಜೆಯಾದರೆ ಕರದಂಟಿನ ಅಂಗಡಿಯವರು ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮನೆ ಮನೆಗೂ ಬರುತ್ತಿತ್ತು. ಗಾಳಿ ಇತ್ತ ಬೀಸಿದರೆ ಧಬಧಬಿ ಜಲಪಾತದ ಕಡೆಯ ಮಿಲ್ಲಿನ ಭೋಂಗಾ ಕೇಳುತ್ತಿತ್ತು. ಹುಡುಗಿಯರು ಉಡಿಯ ತುಂಬ ಹುಣಸೇಕಾಯಿ ಕಟ್ಟಿಕೊಂಡು ತಿರುಗುತ್ತಿದ್ದೆವು. ಎಲ್ಲ ಖರೆ. ಆದರೆ ಅದೇ ದಿನಗಳಲ್ಲಿ ನಮ್ಮ ಹಿತ್ತಲಲ್ಲಿ ಒಂದು ಕಲ್ಲಿನ ಬಾನಿಯೂ ಇತ್ತು. ನಾನು ಹೇಳುವುದು ಆ ಬಾನಿಯ ಮಾತು. ಸಿಹಿ ಬೇಕಾದವರು ಬೇರೆಯವರ ನೆನಪು ಓದಿಕೊಳ್ಳಲಿ.

ನಾವು ಗೊಂಬೆ ಮಾಡುವ ಮಂದಿ. ಗೋಕಾಕದ ಗೊಂಬೆ, ಗೋಕಾಕದ ಹಣ್ಣು ಎಂದರೆ ಕೊಲ್ಹಾಪುರ, ಮುಂಬೈತನಕ ಹೆಸರಿತ್ತು. ಹಗುರ ಕಟ್ಟಿಗೆಯಲ್ಲಿ ದೇವರು, ಎತ್ತು, ಕುದುರೆ. ಕಾಗದದ ಮುದ್ದೆಯಲ್ಲಿ ಮಾವು, ಬಾಳೆ, ಸೀತಾಫಲ, ಬದನೆಕಾಯಿ. ಹಳೆಯ ಕಾಗದವನ್ನು ಬಾನಿಯಲ್ಲಿ ನೆನೆಹಾಕಬೇಕು, ಅದು ಮೆತ್ತಗಾದ ಮೇಲೆ ಒರಳಲ್ಲಿ ಕುಟ್ಟಬೇಕು, ಹುಣಸೆಬೀಜದ ಅಂಟು ಮತ್ತು ಸುಣ್ಣದ ಪುಡಿ ಕಲಸಿ ಅಚ್ಚಿಗೆ ಒತ್ತಬೇಕು. ಒಣಗಿದ ಎರಡು ಹೋಳು ಕೂಡಿಸಿ, ತಿಕ್ಕಿ ನುಣುಪು ಮಾಡಿ, ಬಣ್ಣ ಕೊಟ್ಟು, ಮೇಲೆ ವಾರ್ನಿಸು ಎಳೆದರೆ ನೊಣ ಬಂದು ಕೂಡುವಂಥ ಮಾವಿನಹಣ್ಣು. ಅಂಟು ಕುದಿಯುವಾಗಿನ ಹುಳಿ ಕಮಟು ನಮ್ಮ ಕೂದಲಿಗೂ ಅರಿವೆಗೂ ಹತ್ತಿಬಿಟ್ಟಿತ್ತು. ಸಾಲಿಯಲ್ಲಿ ನನ್ನ ಬಾಜೂಕ್ಕೆ ಕೂಡಲು ಹುಡುಗಿಯರು ಮೂಗು ಮುರಿಯುತ್ತಿದ್ದರು.

ಮನೆಯಲ್ಲಿ ಇದ್ದವರು ಅಪ್ಪ, ಅವ್ವ, ಅಕ್ಕ, ನಾನು. ಅಕ್ಕನ ಹೆಸರು ಗೌರವ್ವ, ನನಗಿಂತ ಐದಾರು ವರ್ಷಕ್ಕೆ ಹಿರಿಯಳು. ನಾಲ್ಕನೆಯ ಇಯತ್ತೆ ಮುಗಿದದ್ದೇ ಅವಳನ್ನು ಸಾಲಿ ಬಿಡಿಸಿ ಬಣ್ಣದ ಬಟ್ಟಲ ಮುಂದೆ ಕೂಡಿಸಿದ್ದರು. ಯಾಕೆ ಬಿಡಿಸಿದಿರಿ ಎಂದು ಯಾರೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳ ಕೈ ಹಾಗಿತ್ತು. ಅಪ್ಪ ನಾಲ್ಕು ಸಲ ಕುಂಚ ಎಳೆದು ಸರಿಮಾಡುವ ಮುಖವನ್ನು ಅವಳು ಒಂದೇ ಎಳೆತಕ್ಕೆ ನಗಿಸಿಬಿಡುತ್ತಿದ್ದಳು. ಅಪ್ಪನಿಗೆ ಅದು ಹೆಮ್ಮೆ. ಆ ಹೆಮ್ಮೆಯಿಂದ ಅವಳಿಗೆ ಬಂದ ಲಾಭ ಏನೆಂದರೆ, ದಿನವಿಡೀ ಬೆನ್ನು ಬಗ್ಗಿಸಿ ಕೂಡುವುದು.

ಮುದ್ದೆಗೆ ಬೇಕಾದ ರದ್ದಿ ಕಾಗದವನ್ನು ಬಜಾರದ ರದ್ದಿ ಚಾಚಾ ಚೀಲಗಟ್ಟಲೆ ತಂದು ಹಾಕುತ್ತಿದ್ದ. ಹಳೆಯ ವರ್ತಮಾನಪತ್ರ, ನಾಟಕದ ಜಾಹೀರಾತು, ಪರೀಕ್ಷೆಯ ಪೇಪರು, ಮದುವೆ ಪತ್ರಿಕೆ, ಎಲ್ಲ ಅದರಲ್ಲಿ ಇರುತ್ತಿದ್ದವು. ಚೀಲ ಸುರುವಿದಾಗ ಅಕ್ಕ ಒಂದು ಬದಿ ಖಾಲಿ ಇದ್ದ ಹಾಳೆಗಳನ್ನು ಹೊರಗೆಳೆದು ಬೇರೆ ಇಡುತ್ತಿದ್ದಳು. ಒಂದು ದಿನ ಅಪ್ಪ ನೋಡಿದ. ಬೈಯುತ್ತಾನೆ ಅಂದುಕೊಂಡೆವು, ಬೈಯಲಿಲ್ಲ.

“ಒಂದ ಮಗ್ಗಲಾ ಖಾಲಿ ಇದ್ದದ್ದು ನಿಮ್ಮದು. ಎರಡೂ ಮಗ್ಗಲಾ ತುಂಬಿದ್ದು ಬಾನಿದು. ತಿಳೀತಿಲ್ಲೋ?” ಅಂದ.

ಮುಂಬೈ ರಾಜ್ಯ ಬಿಟ್ಟು ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಅಂದಿನಿಂದ ಅಕ್ಕ ಮತ್ತು ನಾನು ಪುಸ್ತಕ ಮಾಡಲು ಹತ್ತಿದೆವು. ಹಾಳೆಗಳನ್ನು ಬರೆದ ಬದಿ ಒಳಗಾಗುವಂತೆ ಮಡಚಿ, ಚೀಲ ಹೊಲಿಯುವ ಸೂಜಿಯಿಂದ ತೆರೆದ ಅಂಚು ಹೊಲಿದು, ಹಣ್ಣು ಕಳಿಸುವ ಡಬ್ಬಿಯ ರಟ್ಟು ಕತ್ತರಿಸಿ ಮೇಲುಹೊದಿಕೆ ಹಾಕುತ್ತಿದ್ದೆವು. ಅಂಟಿಗೆ ಕೊರತೆ ಇರಲಿಲ್ಲ, ಬಣ್ಣಕ್ಕೂ ಇರಲಿಲ್ಲ. ಮಾತು ನನ್ನದು, ಚಿತ್ರ ಅಕ್ಕನದು. ಚಿತ್ರ ಮುಗಿದ ಮೇಲೆ ಅಕ್ಕ ಬಟ್ಟಲ ತಳದಲ್ಲಿ ಉಳಿದ ವಾರ್ನಿಸನ್ನು ಅದರ ಮೇಲೆ ತೆಳ್ಳಗೆ ಎಳೆಯುತ್ತಿದ್ದಳು. ಹಾಳೆ ಮಿರಮಿರ ಮಿಂಚುತ್ತಿತ್ತು, ಬಿರುಸಾಗಿ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದರೆ ನನಗೆ ಹಬ್ಬ.

ಪುಸ್ತಕ ಎಂದ ಮೇಲೆ ಅವುಗಳಿಗೆ ಜಾಗ ಬೇಕಲ್ಲ. ಮುಂಬೈಗೆ ಮಾಲು ಕಳಿಸುವ ಕಟ್ಟಿಗೆಯ ಖೋಕಾ ಒಂದು ಮುರಿದು ಬಿದ್ದಿತ್ತು. ಅಕ್ಕ ಅದನ್ನು ತಾನೇ ಮೊಳೆ ಹೊಡೆದು ಪಡಸಾಲೆಯ ಗೋಡೆಗೆ ಕೂಡಿಸಿದಳು, ನಡುವೆ ಹಲಗೆ ಇಟ್ಟು ಎರಡು ಅಂತಸ್ತು ಮಾಡಿದಳು. ಒಂದು ಮೊಳೆ ಅವಳ ಹೆಬ್ಬೆರಳಿಗೆ ಬಿದ್ದು ಉಗುರು ಕಪ್ಪಾಯಿತು. ನಾವು ಅದಕ್ಕೆ ಕಪಾಟು ಎನ್ನುತ್ತಿದ್ದೆವು. ಅವ್ವ ಗೂಡು ಎನ್ನುತ್ತಿದ್ದಳು. ಮೇಲಿನ ಅಂತಸ್ತಿನಲ್ಲಿ ಕಥೆಯ ಪುಸ್ತಕ, ಕೆಳಗಿನದರಲ್ಲಿ ‘ಓಣಿ ಮಾಸಿಕ’.

ಮಾಸಿಕ ಎಂದರೆ ನಮ್ಮದೇ ಪತ್ರಿಕೆ, ಅಮಾವಾಸ್ಯೆಗೊಮ್ಮೆ ಹೊರಡುತ್ತಿತ್ತು. ಯಾರ ಮನೆಯ ಆಕಳು ಕರು ಹಾಕಿತು, ಯಾರ ಹಲ್ಲು ಬಿತ್ತು, ಸಂತೆಯಲ್ಲಿ ಯಾರ ಕೊಡೆ ಕಳೆಯಿತು, ಇಂಥ ಸುದ್ದಿ. ಎಲ್ಲಕ್ಕೂ ಅಕ್ಕನ ಚಿತ್ರ. ಇದ್ದದ್ದು ಒಂದೇ ಪ್ರತಿ. ಓಣಿಯ ಹುಡುಗಿಯರು ನಮ್ಮ ಮನೆಗೇ ಬಂದು ಓದಬೇಕು, ಕೈ ತೊಳೆದುಕೊಂಡು ಬರಬೇಕು, ಉಗುಳು ಹಚ್ಚಿ ಹಾಳೆ ತಿರುವಬಾರದು, ಬರುವಾಗ ಒಂದು ಹಿಡಿ ಹುರಿದ ಸೇಂಗಾ ತರಬೇಕು. ನನ್ನ ಬಾಜೂಕ್ಕೆ ಕೂಡಲು ಮೂಗು ಮುರಿದವರೇ ಸೇಂಗಾ ಹಿಡಿದು ಬಾಗಿಲಲ್ಲಿ ಪಾಳಿ ಹಚ್ಚಿದರು. ನಾನು ಎಷ್ಟು ಸೊಕ್ಕಿದ್ದೆನೆಂದರೆ, ಕೆಲವರನ್ನು ಬೇಕೆಂದೇ ಕಾಯಿಸುತ್ತಿದ್ದೆ.

ಕಥೆಗಳಲ್ಲಿ ಎಲ್ಲರ ಮನಸ್ಸಿಗೂ ಸೇರಿದ್ದು ಕೋಳಿಯದು. ಕುಲಗೋಡದ ಒಂದು ಕೋಳಿ ಗೋಕಾಕದ ಸಂತೆ ನೋಡಲು ಬರುತ್ತದೆ, ಬಳೆ ಅಂಗಡಿಯ ಮುಂದೆ ಬಹಳ ಹೊತ್ತು ನಿಂತು ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಳ್ಳುತ್ತದೆ. “ಬಸ್ಸು ಹೋಯಿತು. ಕೋಳಿ ನಿಂತಿತು. ಧೂಳು ಬಂತು. ಧೂಳೂ ಹೋಯಿತು” ಎಂದು ನಾನು ಬರೆದಿದ್ದೆ. ಅಕ್ಕ ತೆಗೆದದ್ದು ಕೋಳಿಯ ಬೆನ್ನು ಮಾತ್ರ. ರೆಕ್ಕೆಯ ಸಂದಿಯಲ್ಲಿ ಒಂದು ಸಣ್ಣ ಕೈಚೀಲ, ಮುಂದೆ ಖಾಲಿ ರಸ್ತೆ. ಮುಖ ಕಾಣುವುದಿಲ್ಲ, ಆದರೂ ಆ ಕೋಳಿಗೆ ಅಳು ಬಂದಿದೆ ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅವಳು ಅದನ್ನು ಹೇಗೆ ಮಾಡಿದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ಎಷ್ಟೋ ಕಲಾವಿದರ ಜೊತೆ ಕೆಲಸ ಮಾಡಿದೆ, ಯಾರೂ ಅಂಥ ಬೆನ್ನು ತೆಗೆದು ಕೊಡಲಿಲ್ಲ.

ಹೋಳಿಹುಣ್ಣಿಮೆ ಆದ ಮೇಲೆ ಅಕ್ಕನಿಗೆ ಹುಕ್ಕೇರಿಯ ಗಂಡು ಗೊತ್ತಾಯಿತು. ಬಡಿಗತನ ಮಾಡುವ ಮನೆತನ, ಗಾಡಿ, ಬಾಗಿಲು, ಚೌಕಟ್ಟು ಮಾಡುವವರು. ಹುಡುಗ ಒಳ್ಳೆಯವನೇ. ನೋಡಲು ಬಂದಾಗ ತಲೆ ತಗ್ಗಿಸಿ ಅವಲಕ್ಕಿ ತಿಂದು ಹೋದ. ಲಗ್ನ ವೈಶಾಖದಲ್ಲಿ ಎಂದು ನಿಕ್ಕಿಯಾಯಿತು.

ನಮ್ಮ ಕಡೆ ಲಗ್ನದಲ್ಲಿ ರುಖವತ್ತು ಎಂದು ಇಡುತ್ತಾರೆ. ಹುಡುಗಿ ತನ್ನ ಕೈಯಿಂದ ಮಾಡಿದ ಕಸೂತಿ, ಹೆಣಿಕೆ, ಉಂಡಿ, ಚಕ್ಕುಲಿ, ಅಲಂಕಾರದ ಸಾಮಾನು ಎಲ್ಲವನ್ನೂ ಹಂದರದ ಒಂದು ಬದಿಗೆ ಜೋಡಿಸಿಡಬೇಕು. ಬೀಗರು ಬಂದು ನೋಡಬೇಕು, ಹುಡುಗಿ ಎಷ್ಟು ಜಾಣೆ ಎಂದು ತೂಗಬೇಕು. ಆಮೇಲೆ ಅದೆಲ್ಲ ಅವಳ ಜೊತೆ ಗಂಡನ ಮನೆಗೆ ಹೋಗುತ್ತದೆ. ಅಕ್ಕನಿಗೆ ಅತ್ತೆಯಾಗುವವರು ಜವಳಿ ತೆಗೆಯಲು ಗೋಕಾಕಕ್ಕೆ ಬಂದವರು ನಮ್ಮ ಪಡಸಾಲೆಯಲ್ಲಿ ಕೂತು ಅಚ್ಚುಗಳನ್ನೆಲ್ಲ ಮುಟ್ಟಿ ನೋಡಿದರು. ಗೊಂಬೆಯವರ ಮನೆಯ ಹುಡುಗಿ ತರುತ್ತೇವೆಂದು ಊರ ತುಂಬ ಹೇಳಿದ್ದೇವೆ, ರುಖವತ್ತಿನಲ್ಲಿ ಒಂದು ದೊಡ್ಡ ಬುಟ್ಟಿ ಹಣ್ಣು ಇಡಲೇಬೇಕು, ಹುಕ್ಕೇರಿ ಮಂದಿ ನೋಡಬೇಕು ಎಂದರು. ಗೋಡೆಯ ಮೇಲಿನ ಕಪಾಟಿನತ್ತ ಕೈ ಮಾಡಿ ಅದೇನು ಎಂದೂ ಕೇಳಿದರು. ಅವ್ವ ಮುಖ ಸಣ್ಣದು ಮಾಡಿ, ಹುಡುಗರ ಆಟ ಎಂದಳು. ಅವರು ಮತ್ತೆ ಅತ್ತ ನೋಡಲಿಲ್ಲ.

ಲಗ್ನಕ್ಕೆ ಮೊದಲು ಮದುಮಗಳನ್ನು ಬಂಧು ಬಳಗದವರು ಕರೆದು ಉಣಿಸುವುದು ಪದ್ಧತಿ. ಕುಲಗೋಡದಿಂದ ಸೋದರಮಾವ ಬಂದು ಅಕ್ಕನನ್ನೂ ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಎಮ್ಮೆಯ ಗಟ್ಟಿ ಮೊಸರು. ತಿಂದು ತಿಂದು ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಅಲ್ಲಿ ಅಕ್ಕ ಕುಂಚ ಮುಟ್ಟುವ ಕೆಲಸವಿರಲಿಲ್ಲ. ಆದರೂ ಸುಮ್ಮನೆ ಕೂಡಲಿಲ್ಲ, ಇದ್ದಿಲ ತುಂಡಿನಿಂದ ಮಾವನ ಕೊಟ್ಟಿಗೆಯ ಗೋಡೆಯ ಮೇಲೆ ಅವನ ಎಮ್ಮೆಯನ್ನೇ ತೆಗೆದಳು. ಮಾವ ಬಂದು ನೋಡಿ ನಕ್ಕ, ಸುಣ್ಣ ಹೊಡೆಯುವಾಗ ಅಷ್ಟು ಜಾಗ ಬಿಡುತ್ತೇನೆ ಎಂದ.

ನನಗೆ ಮಾತ್ರ ಒಳಗೊಳಗೇ ಸಂಕಟ. ಅಕ್ಕ ಹೋದರೆ ಮಾಸಿಕದ ಗತಿ ಏನು? ಬಾವಿಯ ಕಟ್ಟೆಯ ಮೇಲೆ ಕೂತು ಅದನ್ನೇ ಕೇಳಿ ಅಳಲು ಹತ್ತಿದೆ. ಅಕ್ಕ ನನ್ನ ಜಡೆ ಬಿಚ್ಚಿ ಮತ್ತೆ ಹಾಕುತ್ತ ಹೇಳಿದಳು.

“ಪುಸ್ತಕಾ ಎಲ್ಲಾ ನಾ ಒಯ್ತೀನಿ. ಟ್ರಂಕಿನ ತಳಕ್ಕ ಇಟ್ಟು ಮ್ಯಾಲ ಸೀರಿ ಹಾಕತೀನಿ. ನೀ ಇಲ್ಲಿಂದ ಕಥಿ ಬರದು ಕಳಸು, ನಾ ಅಲ್ಲಿಂದ ಚಿತ್ರಾ ತಗದು ಹೊಳ್ಳಿ ಕಳಸತೀನಿ. ಮಾಸಿಕ ನಿಂದರಬಾರದು, ಕಸ್ತೂರಿ.”

ಅವಳಿಗೆ ಪುಸ್ತಕಗಳು ಯಾಕೆ ಬೇಕಿದ್ದವು ಎಂದು ಆಗ ನನಗೆ ಪೂರ್ತಿ ಹೊಳೆದಿರಲಿಲ್ಲ. ಸಾಲಿ ಬಿಡಿಸಿದ ಮೇಲೆ ಅವಳದು ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ಬೇರೆ ಏನೂ ಇರಲಿಲ್ಲ. ಗೊಂಬೆ ಅಪ್ಪನವು, ಹಣ್ಣು ವ್ಯಾಪಾರಿಗಳವು. ಹೋಗುವ ಮನೆಯಲ್ಲಿ ತಾನು ಚಿತ್ರ ತೆಗೆಯುವವಳು ಎಂದು ತೋರಿಸಲು, ಇನ್ನೂ ತೆಗೆಯುತ್ತೇನೆ ಎಂದು ಕೇಳಲು, ಅವಳ ಕೈಯಲ್ಲಿ ಇದ್ದದ್ದು ಅವಷ್ಟೇ.

ನಾವು ಗೋಕಾಕಕ್ಕೆ ತಿರುಗಿ ಬಂದದ್ದು ಮಧ್ಯಾಹ್ನ. ಬಿಸಿಲು ಕೆಂಡದಂತೆ ಇತ್ತು. ಪಡಸಾಲೆಗೆ ಕಾಲಿಟ್ಟಾಗ ಕಪಾಟಿನ ಮೇಲೆ ಹಣ್ಣಿನ ಖಾಲಿ ಅಚ್ಚುಗಳನ್ನು ತೊಳೆದು ಸಾಲಾಗಿ ಒಣಗಲು ಇಟ್ಟಿದ್ದು ಕಂಡಿತು. ಮೇಲಿನ ಅಂತಸ್ತಿನಲ್ಲೂ ಅಚ್ಚು, ಕೆಳಗೂ ಅಚ್ಚು. ಅದರ ಬಾಜೂಕ್ಕೆ ಗೂಟಕ್ಕೆ ನಮ್ಮ ಪುಸ್ತಕದ ಹೊಲಿಗೆಯ ದಾರಗಳನ್ನೆಲ್ಲ ಬಿಚ್ಚಿ, ಅಂದವಾಗಿ ಸುತ್ತಿ ತೂಗುಹಾಕಿದ್ದರು. ಹಿತ್ತಲಿಗೆ ಓಡಿದೆ.

ಬಾನಿ ತುಂಬ ನೀರು, ನೀರ ತುಂಬ ನಮ್ಮ ಹಾಳೆ. ಕೆಲವು ಆಗಲೇ ಬೂದಿ ಬಣ್ಣಕ್ಕೆ ತಿರುಗಿ ಮುದ್ದೆಯಾಗಿದ್ದವು. ವಾರ್ನಿಸು ಹಚ್ಚಿದ್ದವು ಮಾತ್ರ ಕರಗದೆ ತೇಲುತ್ತಿದ್ದವು. ನಾನು ಮೊಳಕೈತನಕ ಕೈ ಹಾಕಿ ಎತ್ತಿದೆ. ಎತ್ತಿದ್ದೆಲ್ಲ ಬೆರಳ ಸಂದಿಯಿಂದ ಹರಿದು ಬಿತ್ತು. ಕೋಳಿಯ ಕೈಚೀಲದ ಕೆಂಪು ಒಂದು ಚೂರು ಉಗುರಿಗೆ ಹತ್ತಿಕೊಂಡಿತು.

ಅಪ್ಪ ಒಳಗಿನಿಂದ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಸಿಟ್ಟಿನವನನ್ನು ಶಪಿಸಿ ಕೈ ತೊಳೆದುಕೊಳ್ಳಬಹುದು. ಅವನು ಸಮಾಧಾನವಾಗಿ ತಿಳಿಸಿ ಹೇಳಿದ. ಮನೆಯಲ್ಲಿದ್ದ ಮಾಲೆಲ್ಲ ಮುಂಬೈಗೆ ಹೋಗಿತ್ತು. ರದ್ದಿ ಚಾಚಾ ಜ್ವರ ಬಂದು ಮಲಗಿದ್ದ, ಬಜಾರದಲ್ಲಿ ಇದ್ದ ಅಲ್ಪಸ್ವಲ್ಪ ಕಾಗದ ಕಿರಾಣಿ ಅಂಗಡಿಯವರ ಪಾಲಾಗಿತ್ತು. ಮುದ್ದೆ ನೆನೆಯಬೇಕು, ಹಣ್ಣು ಒಣಗಬೇಕು, ಲಗ್ನ ಹತ್ತಿರ ಬಂದಿದೆ, ಕಾಯುವಷ್ಟು ಹೊತ್ತಿಲ್ಲ.

“ಅವು ರದ್ದಿ ಅಲ್ಲಪ್ಪಾ, ಪುಸ್ತಕಾ ಅವು” ಎಂದು ನಾನು ಕಿರುಚಿದೆ.

“ಎರಡೂ ಮಗ್ಗಲಾ ತುಂಬಿದ್ವಲ್ಲವಾ” ಎಂದ ಅಪ್ಪ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಮದಲ ಹೇಳಿದ್ನಿಲ್ಲೋ. ಖಾಲಿ ಇದ್ದಾಗ ನಾ ಮುಟ್ಟಿದ್ನೇನು? ಈಗ ನೋಡು, ನಿಮ್ಮಕ್ಕನ ಕಾಗದಾ ನಿಮ್ಮಕ್ಕನ ರುಖವತ್ತಿಗೇ ಬಂತು. ಹೊರಗಿಂದು ತಂದು ಹಾಕೂದಕಿಂತ ಛಲೋ ಆತು.”

ಬೇರೆ ಯಾವ ಮನೆಯಲ್ಲಿ ಯಾವ ತಂದೆ ಹೀಗೆ ಎಣಿಸುತ್ತಿದ್ದ? ಹುಟ್ಟಿದಾಗಿನಿಂದ ಕಾಗದವನ್ನು ಮುದ್ದೆಯಾಗುವ ಮಾಲು ಎಂದೇ ನೋಡಿದ ಕಣ್ಣು ಅದು. ಅವನ ಲೆಕ್ಕದಲ್ಲಿ ಹಾಳೆಯ ಎರಡೂ ಬದಿ ತುಂಬಿದರೆ ಅದರ ಆಯುಷ್ಯ ಮುಗಿಯಿತು. ನಾವು ಒಂದೊಂದು ಚಿತ್ರ ಮುಗಿಸಿದಾಗಲೂ ಒಂದೊಂದು ಹಾಳೆಯನ್ನು ಬಾನಿಗೆ ಹತ್ತಿರ ಮಾಡುತ್ತಿದ್ದೆವು ಎಂದಾಯಿತು. ಮಗಳಿಗೆ ಒಳ್ಳೆಯದು ಮಾಡಿದೆ ಎಂದುಕೊಂಡೇ ಅವನು ಆ ಹೊಲಿಗೆ ಬಿಚ್ಚಿದ್ದ, ದಾರವೂ ಹಾಳಾಗಬಾರದೆಂದು ಸುತ್ತಿಟ್ಟಿದ್ದ.

ನಾನು ಅಕ್ಕನ ಮುಖ ನೋಡಿದೆ. ಅವಳು ಕುಲಗೋಡದಿಂದ ತಂದ ಕಾಯಿಪಲ್ಯೆಯ ಚೀಲವನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು ಬಾನಿಯ ಮುಂದೆ ನಿಂತಿದ್ದಳು. ಅವಳು ಅಳುತ್ತಾಳೆ, ಅಪ್ಪನ ಕೂಡ ಜಗಳ ತೆಗೆಯುತ್ತಾಳೆ, ಈ ಲಗ್ನವೇ ಬೇಡ ಎನ್ನುತ್ತಾಳೆ ಎಂದು ನಾನು ಕಾದೆ.

“ಆತು ಬಿಡಪ್ಪಾ” ಎಂದಳು.

ಅಷ್ಟೇ. ಚೀಲ ಒಳಗಿಟ್ಟು ಬಂದು, ಸೆರಗು ಸೊಂಟಕ್ಕೆ ಸಿಗಿಸಿ, ಬಾನಿಯ ನೀರು ಬಸಿಯಲು ಕೂತಳು. ಅಪ್ಪನ ಮೇಲೆ ನನಗೆ ಎಷ್ಟು ಸಿಟ್ಟಿತ್ತೋ ಅದರ ನಾಲ್ಕು ಪಟ್ಟು ಆ ಮಾತಿನ ಮೇಲೆ ಬಂತು. ಇವತ್ತಿಗೂ ಇದೆ.

ರುಖವತ್ತು ಹುಡುಗಿಯ ಕೈಯದೇ ಆಗಬೇಕಲ್ಲ, ಹಾಗಾಗಿ ಕುಟ್ಟಿದವಳೂ ಅವಳೇ. ಒರಳಿನ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಸೇಂಗಾ ಹಿಡಿದು ಬಂದ ಹುಡುಗಿಯರಿಗೆ ಮಾಸಿಕ ಇಲ್ಲ ಎಂದು ನಾನೇ ಬಾಗಿಲಲ್ಲಿ ನಿಂತು ಹೇಳಿ ಕಳಿಸಿದೆ. ಒಬ್ಬಳು ಹೋಗುವಾಗ ಸೇಂಗಾ ವಾಪಸು ಉಡಿಗೆ ಹಾಕಿಕೊಂಡಳು. ನಾನು ಎರಡು ಹೊತ್ತು ಉಣ್ಣಲಿಲ್ಲ. ಅವ್ವ ಹತ್ತಿರ ಬಂದು ತಲೆ ಸವರಿ, ಲಗ್ನದ ಮನೆಯಲ್ಲಿ ಹುಡುಗರು ಅಳಬಾರದು, ಅಕ್ಕನಿಗೆ ಕೇಡಾಗುತ್ತದೆ ಎಂದಳು. ಅಪ್ಪ ಹೊಲಿಗೆ ಬಿಚ್ಚುವಾಗ ಅವಳೂ ಅಲ್ಲೇ ಕೂತು ರೊಟ್ಟಿ ಬಡಿದಿದ್ದಳು. ಎದ್ದು ಉಂಡೆ.

ಮುದ್ದೆ ಅಪ್ಪ ಎಣಿಸಿದಷ್ಟು ಸುಲಭವಾಗಿ ಮುದ್ದೆಯಾಗಲಿಲ್ಲ. ವಾರ್ನಿಸು ಹಚ್ಚಿದ ಕಾಗದ ನೆನೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ, ಆ ಗಡಿಬಿಡಿಯಲ್ಲಿ ಹೊಳೆದಿರಲಿಲ್ಲ. ಎಷ್ಟು ಕುಟ್ಟಿದರೂ ಕೆಂಪು, ಹಸಿರು, ಹಳದಿ ಚೂರುಗಳು ಹಾಗೇ ಉಳಿದವು. ಅಪ್ಪ ಗೊಣಗುತ್ತ ಜರಡಿಯಲ್ಲಿ ಸೋಸಿದ, ಸುಣ್ಣದ ಪುಡಿ ಹೆಚ್ಚು ಹಾಕಿದ. ಹೋಳುಗಳು ಒಣಗಿದಾಗ ಮೈತುಂಬ ಬಣ್ಣದ ಚುಕ್ಕೆ. ಅಕ್ಕ ಅವುಗಳ ಮೇಲೆ ಒಂದರ ಮೇಲೊಂದು ಪದರು ಬಣ್ಣ ಕೊಟ್ಟು ಮುಚ್ಚಿದಳು. ಅಷ್ಟು ಚೆಂದದ ಹಣ್ಣುಗಳನ್ನು ಅವಳು ಹಿಂದೆ ಎಂದೂ ಮಾಡಿರಲಿಲ್ಲ. ಮಾವಿನ ತೊಟ್ಟಿನ ಹತ್ತಿರ ಸೊನೆ ಸೋರಿದ ಕಪ್ಪು ಗೆರೆ, ಬಾಳೆಹಣ್ಣಿಗೆ ಮಾಗಿದ ಕಂದು ಚುಕ್ಕೆ. ಕೂತಲ್ಲಿಂದ ಏಳದೆ ಮಾಡಿದಳು. ನಾನು ಅತ್ತ ಹಾಯಲಿಲ್ಲ.

ಲಗ್ನದ ದಿನ ಹಂದರದಲ್ಲಿ ರುಖವತ್ತು ಇಟ್ಟರು. ನಡುವೆ ದೊಡ್ಡ ಬುಟ್ಟಿಯ ಹಣ್ಣು, ಸುತ್ತ ಉಂಡಿ, ಚಕ್ಕುಲಿ, ಕಸೂತಿಯ ಕುಪ್ಪಸ. ಹುಕ್ಕೇರಿಯ ಹೆಂಗಸರು ಹಣ್ಣಿನ ಮುಂದೆ ಗುಂಪುಗೂಡಿದರು. ಯಾರೋ ಒಂದು ಕೂಸು ಮಾವಿನಹಣ್ಣು ಎತ್ತಿ ಕಚ್ಚಿಬಿಟ್ಟಿತು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನ ಅತ್ತೆಗೆ ಹಿಗ್ಗೋ ಹಿಗ್ಗು. ಅವರು ಬಾಳೆಹಣ್ಣನ್ನು ಬೆರಳಿಂದ ತಟ್ಟಿ ನೋಡಿ, ಬಾಜೂದವರಿಗೆ, ಇದು ಬರೀ ಕಾಗದ ಎಂದರೆ ನಂಬುತ್ತೀರಾ ಎಂದರು.

ನನಗೆ ತಡೆಯಲು ಆಗಲಿಲ್ಲ. “ಬರೀ ಕಾಗದಾ ಅಲ್ಲರಿ ಅದು. ನಮ್ಮ ಕೋಳಿ ಪುಸ್ತಕಾ” ಎಂದೆ.

ಅವರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಆ ಗುಂಪೆಲ್ಲ ಮತ್ತೆ ನಕ್ಕಿತು. ಹುಡುಗಿ ಚೆಂದ ಮಾತಾಡುತ್ತದೆ ಎಂದು ಒಬ್ಬರು ನನ್ನ ಗಲ್ಲ ಹಿಂಡಿ ಕೈಗೆ ಒಂದು ಉಂಡಿ ಕೊಟ್ಟರು. ನಾನು ಬಾಸಿಂಗ ಕಟ್ಟಿಕೊಂಡು ಕೂತಿದ್ದ ಅಕ್ಕನ ಕಡೆ ನೋಡಿದೆ. ಅವಳಿಗೆ ಕೇಳಿಸಿತ್ತು. ಕಣ್ಣು ಕೆಳಗಿಟ್ಟಳು. ಎಲ್ಲರ ಎದುರಿಗೆ ಒಮ್ಮೆ, ಒಂದೇ ಒಮ್ಮೆ, ಹೌದು ಎಂದು ತಲೆ ಆಡಿಸಿದ್ದರೆ ಸಾಕಿತ್ತು ನನಗೆ. ಮದುಮಗಳು ಹಾಗೆಲ್ಲ ತಲೆ ಆಡಿಸುವಂತಿರಲಿಲ್ಲ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಅವಳು ಹುಕ್ಕೇರಿಗೆ ಹೋದಳು, ಟ್ರಂಕಿನ ತಳಕ್ಕೆ ಏನೂ ಇಲ್ಲದೆ. ಹಣ್ಣಿನ ಬುಟ್ಟಿ ಬೇರೆ ಹೋಯಿತು. ಅವುಗಳಿಗಾಗಿ ಭಾವ ತನ್ನ ಕೈಯಾರೆ ಸಾಗವಾನಿಯ ಗಾಜಿನ ಕಪಾಟು ಮಾಡಿ ಪಡಸಾಲೆಯಲ್ಲಿ ನಿಲ್ಲಿಸಿದ. ಬಂದವರಿಗೆಲ್ಲ ತೋರಿಸುತ್ತಿದ್ದ. ಅಂಥ ಒಳ್ಳೆಯ ಕಪಾಟು ನಾನು ಆಮೇಲೆ ಯಾವ ಗ್ರಂಥಾಲಯದಲ್ಲೂ ನೋಡಿಲ್ಲ. ಅದರೊಳಗೆ ಒಂದು ಪುಸ್ತಕ ಇಟ್ಟದ್ದನ್ನೂ ನೋಡಿಲ್ಲ.

ನಾನು ಮಾತಿನಂತೆ ಆ ಶ್ರಾವಣದಲ್ಲಿ ಒಂದು ಕಥೆ ಬರೆದು, ಚಿತ್ರಕ್ಕೆ ಅರ್ಧ ಹಾಳೆ ಖಾಲಿ ಬಿಟ್ಟು, ಹುಕ್ಕೇರಿಗೆ ಹೋಗುತ್ತಿದ್ದ ನೆರೆಮನೆಯವರ ಕೈಯಲ್ಲಿ ಕಳಿಸಿದೆ. ಚೌತಿ ಆಯಿತು, ದಸರೆ ಆಯಿತು, ಬರಲಿಲ್ಲ. ದೀಪಾವಳಿಗೆ ಅಕ್ಕ ತವರಿಗೆ ಬಂದಾಗ ಕೇಳಿದೆ. ಬಸುರಿ, ಕಣ್ಣ ಕೆಳಗೆ ಕಪ್ಪು. ಅಲ್ಲಿ ಕೆಲಸ ಬಹಳ, ಬಣ್ಣ ಎಲ್ಲಿಂದ ತರಲಿ, ಹೇಳಿದರೆ ನಗುತ್ತಾರೆ ಎಂದಳು. ನಾನು ಅವಳ ಕೂಡ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾಗುವ ಮೊದಲೇ ಭಾವ ಕರೆಯಲು ಬಂದ.

ಅಪ್ಪ ಮಾತ್ರ ಮಾತಿಗೆ ತಪ್ಪಲಿಲ್ಲ. ಆಮೇಲೆ ಬಂದ ಪ್ರತಿ ಚೀಲದಿಂದ ಒಂದು ಬದಿ ಖಾಲಿ ಇದ್ದ ಹಾಳೆ ಆರಿಸಿ, ತಾನೇ ಜೋಡಿಸಿ ಕಪಾಟಿನ ಮೇಲೆ ಇಡುತ್ತಿದ್ದ. ಎಷ್ಟು ದಿನ ಇಟ್ಟನೋ. ನಾನು ಒಂದೂ ಮುಟ್ಟಲಿಲ್ಲ. ಒಂದು ದಿನ ಅವನೇ ಸುಮ್ಮನೆ ಅವನ್ನೆಲ್ಲ ಎತ್ತಿ ಬಾನಿಗೆ ಹಾಕಿದ.

ನಾನು ಓದಿ, ಮೂಡಲಗಿಯ ಸಾಲಿಯಲ್ಲಿ ಅಕ್ಕೋರಾದೆ. ಹುಡುಗರಿಗಾಗಿ ಬರೆಯುತ್ತ ಬರೆಯುತ್ತ ಚಿತ್ರಪುಸ್ತಕಗಳ ಲೇಖಕಿ ಎಂದು ಹೆಸರಾಯಿತು. ಮೊದಲ ಪುಸ್ತಕ ಮಾಡುತ್ತೇವೆ ಎಂದು ಪ್ರಕಾಶಕರು ಹೇಳಿದಾಗ ನಾನು ಅವರಿಗೆ ಹೇಳಿದ್ದು ಒಂದೇ, ಚಿತ್ರ ನಮ್ಮ ಅಕ್ಕನೇ ತೆಗೆಯಬೇಕು. ಒಳ್ಳೆಯ ಕಾಗದ, ಹೊಸ ಬಣ್ಣ, ಹೊಸ ಕುಂಚ ಕಟ್ಟಿಕೊಂಡು ಹುಕ್ಕೇರಿಗೆ ಹೋದೆ. ಅಕ್ಕ ಕಾಗದದ ಮೇಲೆ ಕೈಯಾಡಿಸಿ ನೋಡಿದಳು, ಎರಡೂ ಬದಿ ಖಾಲಿ ಇದೆಯಲ್ಲ ಎಂದಳು. ಕೈ ತಿರುಗುವುದಿಲ್ಲ ಬಿಡು ಎಂದು ಎಲ್ಲವನ್ನೂ ಮೊದಲಿನ ಹಾಗೆ ಕಟ್ಟಿ ನನ್ನ ಚೀಲಕ್ಕೆ ಇಟ್ಟಳು. ಚಹಾ ಮಾಡಿ ಕೊಟ್ಟಳು. ಕುಡಿದು ಬಂದೆ.

ಮೊದಲ ಪುಸ್ತಕಕ್ಕೆ ಬೇರೆಯವರು ಚಿತ್ರ ಬರೆದರು, ಮುಂದಿನವುಗಳಿಗೂ ಅಷ್ಟೇ. ಅವುಗಳಲ್ಲಿ ಕೆಟ್ಟವು ಇಲ್ಲ. ಓದಿದ ಮಂದಿ ಮೆಚ್ಚುತ್ತಾರೆ. ಪ್ರತಿ ಪುಸ್ತಕ ಕೈಗೆ ಬಂದಾಗಲೂ ನಾನು ಮೊದಲು ಚಿತ್ರ ನೋಡುತ್ತೇನೆ, ನೋಡಿ ಮುಚ್ಚಿಡುತ್ತೇನೆ. ಆಗಿನ ಓಣಿಯ ಮನೆಗಳು ಈಗ ಅಂಗಡಿಗಳಾಗಿವೆ, ಬಾನಿ ಯಾರ ಮನೆಯ ದನದ ಮುಂದೆ ಇದೆಯೋ, ಅಪ್ಪ ಅವ್ವ ಹೋಗಿ ಬಹಳ ಕಾಲವಾಯಿತು. ಹೋದದ್ದಕ್ಕೆಲ್ಲ ಅಳುತ್ತ ಕೂಡುವ ಸ್ವಭಾವ ನನ್ನದಲ್ಲ. ಆದರೆ ಹೋದ ವರ್ಷ ಕಳೆದುಕೊಂಡದ್ದನ್ನು ಮಾತ್ರ ಹೇಳಲೇಬೇಕು.

ಹುಕ್ಕೇರಿಯ ಮನೆಯಲ್ಲಿ ಅಕ್ಕನ ಮೊಮ್ಮಗಳು ನನ್ನ ಪುಸ್ತಕಗಳನ್ನು ಹರವಿಕೊಂಡು ಕೂತಿದ್ದಳು. ನಾನು ಅವಳಿಗೆ ಹೇಳಿದೆ, ನಿಮ್ಮ ಅಜ್ಜಿ ಸಣ್ಣವಳಿದ್ದಾಗ ಇವಕ್ಕಿಂತ ಚೆಂದ ಚಿತ್ರ ತೆಗೆಯುತ್ತಿದ್ದಳು, ನಾವಿಬ್ಬರೂ ಕೂಡಿ ಪುಸ್ತಕ ಮಾಡುತ್ತಿದ್ದೆವು. ಹುಡುಗಿ ಕಣ್ಣರಳಿಸಿ ಅಜ್ಜಿಯ ಕಡೆ ನೋಡಿದಳು.

“ನಾ ಎಲ್ಲಿ ಚಿತ್ರಾ ತಗೀತಿದ್ದೆ ಕಸ್ತೂರಿ?” ಎಂದಳು ಅಕ್ಕ. “ಎಲ್ಲಾ ನೀನ ಮಾಡಾಕಿ. ನಾ ಬಾಜೂಕ ಸುಮ್ಮ ಕುಂತಿರತಿದ್ದೆ.”

ನನಗೆ ರೇಗಿತು. ಕೋಳಿಯ ಬೆನ್ನು, ಕೈಚೀಲ, ಮಾವನ ಕೊಟ್ಟಿಗೆಯ ಎಮ್ಮೆ, ಒಂದೊಂದನ್ನೂ ಹೇಳಿದೆ. ಅವಳು ಹೂಂ ಹೂಂ ಎನ್ನುತ್ತ, ಬೇರೆ ಯಾರದೋ ಮನೆಯ ಕಥೆ ಕೇಳುವ ಹಾಗೆ ಖುಷಿಯಿಂದ ಕೇಳಿದಳು. ಬೇಕೆಂದೇ ಹೀಗೆ ಹೇಳುತ್ತಿದ್ದಾಳೆಯೇ, ಹಳೆಯ ನೋವು ಮುಚ್ಚಿಕೊಳ್ಳುತ್ತಿದ್ದಾಳೆಯೇ ಎಂದು ಮುಖವನ್ನು ದಿಟ್ಟಿಸಿ ನೋಡಿದೆ. ಅಲ್ಲಿ ನೋವೂ ಇರಲಿಲ್ಲ, ಮುಚ್ಚಿಕೊಂಡದ್ದೂ ಇರಲಿಲ್ಲ. ಅವಳು ಖರೇನೇ ಮರೆತುಬಿಟ್ಟಿದ್ದಳು. ಹಾಲು ಉಕ್ಕೀತು ಎಂದು ಎದ್ದು ಒಳಗೆ ಹೋದಳು.

ಹುಡುಗಿ ನನ್ನ ಮುಂದೆ ಒಂದು ಹಾಳೆ ಇಟ್ಟು, ಆ ಕೋಳಿ ಹೇಗಿತ್ತು ತೋರಿಸು ಅಜ್ಜಿ ಎಂದಳು. ನಾನು ಪೆನ್ನು ತೆಗೆದುಕೊಂಡೆ. ಸೇಂಗಾ ತಂದು ಓದಿದ ಹುಡುಗಿಯರು ಎಲ್ಲೆಲ್ಲಿ ಹೋದರೋ, ಆ ಚಿತ್ರಗಳನ್ನು ನೋಡಿ ನೆನಪಿಟ್ಟವಳು, ಅವು ಇದ್ದವು ಎಂದು ಹೇಳಬಲ್ಲವಳು, ಈ ಭೂಮಿಯ ಮೇಲೆ ಈಗ ನಾನೊಬ್ಬಳೇ. ನನಗೆ ಚಿತ್ರ ತೆಗೆಯಲು ಬರುವುದಿಲ್ಲ.